ಮೂರನ್ನು ಕಳೆದರೆ ನಕ್ಷೆ ಬಲಕ್ಕೆ ಸರಿಯುವುದೇಕೆ?

ಪ್ರಶ್ನೆ (ಕಾರವಾರದಿಂದ, ಪಿಯುಸಿ ವಿದ್ಯಾರ್ಥಿನಿ):
ಎಫ್ ಎಂಬ ಫಲನಕ್ಕೆ (ಎಕ್ಸ್‌ನ ಪ್ರತಿ ಬೆಲೆಗೂ ಒಂದು ಬೆಲೆ ಕೊಡುವ ನಿಯಮಕ್ಕೆ) ಎಫ್(ಎಕ್ಸ್) + 3 ಎಂದು ಬರೆದಾಗ ಅದರ ನಕ್ಷೆ (ಗ್ರಾಫ್) 3 ಮಾನ ಮೇಲೇರುವುದು ನನಗೆ ಸಹಜವಾಗಿ ತೋರುತ್ತದೆ. ಆದರೆ ಎಫ್(ಎಕ್ಸ್ − 3) ಎಂದಾಗ ಕಳೆಯುವ ಚಿಹ್ನೆಯಿದ್ದರೂ ಅದು ಬಲಕ್ಕೆ ಸರಿಯುವುದೇಕೆ, ಎಫ್(2ಎಕ್ಸ್) ಹಿಗ್ಗದೆ ಕುಗ್ಗುವುದೇಕೆ ಎಂಬುದನ್ನು ದಯವಿಟ್ಟು ತಿಳಿಸುವಿರಾ?

ಉತ್ತರ (ಅಂಕೋಲಾದಿಂದ):
ನಮ್ಮ ಕಡಲಿನ ಉಬ್ಬರವನ್ನೇ ನೆನಪಿಸಿಕೊಳ್ಳಿ. ಅದು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಇಂದು ಬೆಳಿಗ್ಗೆ 6 ಗಂಟೆಗೆ ಉಬ್ಬರವಿದ್ದರೆ ನಾಳೆ ಸುಮಾರು 6.50ಕ್ಕೆ, ಆದ್ದರಿಂದ ನಾಳೆಯ ನೀರಿನ ಮಟ್ಟವನ್ನು ಅಂದಾಜಿಸಲು ನಾವು ಗಡಿಯಾರದ ಸಮಯದಿಂದ 50 ನಿಮಿಷ ಕಳೆದು ಇಂದಿನ ನಕ್ಷೆಯನ್ನು ನೋಡುತ್ತೇವೆ. ಕಳೆದದ್ದು ಸಮಯವನ್ನು, ತಡವಾದದ್ದು ಉಬ್ಬರ. ಸಮಯದ ಅಕ್ಷದಲ್ಲಿ ತಡವೆಂದರೆ ಬಲಕ್ಕೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸರಾಸರಿ ಮಟ್ಟದಿಂದ ಏರಿಳಿತ ಹೆಚ್ಚುವುದು ಮಾತ್ರ ಬೇರೆ ಬಗೆಯದು: ಅಲ್ಲಿ ಗುಣಕವು ಎಫ್‌ನ ಹೊರಗಿರುತ್ತದೆ, ನಕ್ಷೆ ಲಂಬವಾಗಿ ಹಿಗ್ಗುತ್ತದೆ.

ಉತ್ತರ (ಶಿರಸಿಯಿಂದ):
ಎಫ್(2ಎಕ್ಸ್) ಕೂಡ ಹಾಗೆಯೇ. ಮೊದಲು 8ರಲ್ಲಿ ಸಿಗುತ್ತಿದ್ದ ಬೆಲೆ ಈಗ 4ರಲ್ಲೇ ಸಿಗುವುದರಿಂದ ನಕ್ಷೆ ಅಡ್ಡಲಾಗಿ ಅರ್ಧವಾಗುತ್ತದೆ. ಪರೀಕ್ಷೆಯಲ್ಲಿ ಹೆಚ್ಚು ಮಕ್ಕಳು ಎಡವುವುದು ಎಫ್(2ಎಕ್ಸ್ − 6)ರಲ್ಲಿ ಎಂಬುದು ನನ್ನ ಅನುಭವ. ಮೊದಲು ಕುಗ್ಗಿಸಿದರೆ ಆಮೇಲೆ 3 ಮಾನದಷ್ಟೇ ಸರಿಸಬೇಕು. ಮೊದಲೇ ಸರಿಸುವುದಾದರೆ 6 ಮಾನ ಸರಿಸಿ ಬಳಿಕ ಕುಗ್ಗಿಸಬೇಕು.

ಪ್ರಶ್ನೆ ಕೇಳಿದವರು:
ಎಕ್ಸ್ ವರ್ಗದ ಪರವಲಯಕ್ಕೆ ಎರಡೂ ಕ್ರಮಗಳನ್ನು ಅನ್ವಯಿಸಿ ನೋಡಿದೆ. ಶೃಂಗವು (ಪರವಲಯ ತಿರುಗುವ ಬಿಂದು) ಎರಡರಲ್ಲೂ 3ಕ್ಕೇ ಬಂದಿತು. ತುಂಬಾ ಧನ್ಯವಾದಗಳು.