ಸೀಲ್ ಎರಡು ಸಲ ಬದಲಾಯಿಸಿದರೂ ನಿಲ್ಲದ ಗೇರ್‌ಬಾಕ್ಸ್ ಆಯಿಲ್ ಸೋರಿಕೆ

ಪ್ರಶ್ನೆ (ಉಡುಪಿಯಿಂದ):
ನಮಸ್ಕಾರ. ನನ್ನದು ಹನ್ನೊಂದು ವರ್ಷ ಹಳೆಯ ಪೆಟ್ರೋಲ್ ಆಟೋಮ್ಯಾಟಿಕ್ ಕಾರು, 1,10,000 ಕಿ.ಮೀ. ಓಡಿದೆ. ಉಡುಪಿ, ಮಣಿಪಾಲದೊಳಗೆ ಓಡಿಸುವಾಗ ಯಾವ ತೊಂದರೆಯೂ ಇಲ್ಲ. ಆದರೆ ಶಿರಾಡಿ ಘಾಟಿ ಹತ್ತಿ ಸಕಲೇಶಪುರದಲ್ಲಿ ಚಹಾಕ್ಕೆಂದು ನಿಲ್ಲಿಸಿದಾಗಲೆಲ್ಲ ಬಾನೆಟ್ ಸಂದಿಯಿಂದ ತೆಳುವಾದ ಬಿಳಿ ಹೊಗೆಯೂ ಸುಟ್ಟ ಎಣ್ಣೆಯ ವಾಸನೆಯೂ ಬರುತ್ತವೆ. ಮನೆಗೆ ಮರಳಿದ ಮೇಲೆ ಅಂಗಳದ ಇಂಟರ್‌ಲಾಕ್ ಮೇಲೆ ಎರಡು ಮೂರು ಕಂದುಗೆಂಪು ಹನಿಗಳು ಕಾಣುತ್ತವೆ. ಗ್ಯಾರೇಜಿನವರು ಬಲಬದಿಯ ಆಕ್ಸಲ್ ಸೀಲನ್ನು (ಗೇರ್‌ಬಾಕ್ಸ್‌ನಿಂದ ಚಕ್ರಕ್ಕೆ ಹೋಗುವ ದಂಡದ ಬುಡದಲ್ಲಿ ಎಣ್ಣೆ ತಡೆಯುವ ರಬ್ಬರ್ ಉಂಗುರವನ್ನು) ಎರಡು ಸಲ ಬದಲಾಯಿಸಿದ್ದಾರೆ. ಈಗ ಗೇರ್‌ಬಾಕ್ಸನ್ನೇ ಇಳಿಸಬೇಕು ಎನ್ನುತ್ತಿದ್ದಾರೆ. ಸೈಲೆನ್ಸರ್ ಪೈಪಿನ ಬಿಸಿಯಿಂದ ಹೀಗಾಗಬಹುದೇ?

ಉತ್ತರ (ಮಂಗಳೂರಿನ ಮೆಕ್ಯಾನಿಕ್):
ನಮಸ್ಕಾರ ಸರ್. ಖಂಡಿತ ಆಗಬಹುದು. ಗೇರ್‌ಬಾಕ್ಸ್ ಇಳಿಸಲು ಈಗಲೇ ಒಪ್ಪಬೇಡಿ. ಹೊಸ ಸೀಲ್ ಎರಡೆರಡು ಸಲ ಹೋಗಿದೆ ಎಂದರೆ ಸೋರಿಕೆ ಬೇರೆಡೆ ಇರುವ ಸಾಧ್ಯತೆಯೇ ಹೆಚ್ಚು. ಕಾರು ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುವುದರಿಂದ, ಮುಂದೆ ಎಲ್ಲೋ ಜಿನುಗಿದ್ದು ಅದರ ಹಿಂದಿರುವ ಆಕ್ಸಲ್ ಸೀಲಿನ ಬುಡದಲ್ಲಿ ಬಂದು ನಿಲ್ಲುತ್ತದೆ. ರ‍್ಯಾಂಪ್ ಮೇಲೇರಿಸಿ ನೋಡಿದವನಿಗೆ ಒದ್ದೆಯಾದ ಸೀಲ್ ಮಾತ್ರ ಕಾಣುತ್ತದೆ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು ಮತ್ತು ಎಲ್ಲಕ್ಕಿಂತ ಮುಂದಿನದು ಯಾವುದೋ ಅಲ್ಲಿಂದಲೇ ಹುಡುಕಾಟ ಶುರುವಾಗಬೇಕು.

ಘಾಟಿಯಲ್ಲೇ ಹೀಗಾಗುವುದಕ್ಕೂ ಕಾರಣವಿದೆ. ಲಾರಿಗಳ ಹಿಂದೆ ನಿಧಾನವಾಗಿ ಹತ್ತುವಾಗ ಟಾರ್ಕ್ ಕನ್ವರ್ಟರ್, ಅಂದರೆ ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ, ಜಾರುತ್ತಾ ಎಣ್ಣೆಯನ್ನು ಒಳಗಿನಿಂದ ಕಾಯಿಸುತ್ತದೆ, ಎಂಜಿನ್ ಮೇಲಿನ ಭಾರದಿಂದ ಎಕ್ಸಾಸ್ಟ್ ಹೊರಗಿನಿಂದ ಕಾಯಿಸುತ್ತದೆ, ತಂಪು ಮಾಡುವ ಗಾಳಿಯೋ ಬಹಳ ಕಡಿಮೆ. ಸೀಲ್, ಹೋಸ್‌ಗಳಲ್ಲಿ ಬಳಸುವ ಸಾಮಾನ್ಯ ನೈಟ್ರೈಲ್ ರಬ್ಬರ್ ಸತತವಾಗಿ ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುತ್ತದೆ. ಎಕ್ಸಾಸ್ಟ್ ಪೈಪಿನಲ್ಲಿ ಹೊಗೆಯನ್ನು ಶುದ್ಧಗೊಳಿಸುವ ಕೆಟಲಿಟಿಕ್ ಕನ್ವರ್ಟರ್‌ನ ಹೊರಮೈ ಇಂಥ ಏರಿನಲ್ಲಿ 300 ಡಿಗ್ರಿ ದಾಟಬಹುದು. ಇವೆರಡರ ನಡುವೆ ಒಂದು ತಗಡಿನ ಮರೆ ಇರುತ್ತದೆ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಅದರ ಬೋಲ್ಟ್‌ಗಳು ತುಕ್ಕು ಹಿಡಿದು ಸಡಿಲವಾಗಿ ಗರಗರ ಸದ್ದು ಮಾಡತೊಡಗುತ್ತವೆ, ಸೈಲೆನ್ಸರ್ ವೆಲ್ಡಿಂಗ್‌ಗೆ ಹೋದಾಗ ಯಾರೋ ಅದನ್ನು ಕಿತ್ತೆಸೆದು ಸದ್ದು ನಿಲ್ಲಿಸಿದ ಹೆಮ್ಮೆಯಲ್ಲಿ ವಾಪಸು ಕಳಿಸುತ್ತಾರೆ.

ಮೊದಲು ಆ ತಗಡು ಇದೆಯೇ ನೋಡಿ. ಆಮೇಲೆ, ಎಂಜಿನ್ ತಣ್ಣಗಿರುವಾಗ, ಗೇರ್‌ಬಾಕ್ಸ್‌ನಿಂದ ರೇಡಿಯೇಟರ್‌ಗೆ ಹೋಗುವ ಎರಡು ಕೂಲರ್ ಹೋಸ್‌ಗಳನ್ನು ಕೈಯಲ್ಲಿ ಹಿಡಿದು ಬಗ್ಗಿಸಿ. ಆರೋಗ್ಯದಲ್ಲಿರುವ ಹೋಸ್ ಬಗ್ಗುತ್ತದೆ. ಬೆಂದದ್ದು ಬಗ್ಗುವುದಿಲ್ಲ, ಬಗ್ಗಿಸಿದ ಜಾಗದಲ್ಲಿ ಕೂದಲೆಳೆಯಂಥ ಬಿರುಕುಗಳು ಬಾಯಿಬಿಡುತ್ತವೆ. ಹೋಸ್‌ಗಳು ಚೆನ್ನಾಗಿದ್ದರೆ ಕೆಳಭಾಗವನ್ನೆಲ್ಲ ಡಿಗ್ರೀಸರ್‌ನಿಂದ ತೊಳೆದು ಒಣಗಿಸಿ, ಎಣ್ಣೆಗೆ ಲೀಕ್ ಪತ್ತೆಯ ಡೈ ಹಾಕಿಸಿ, ಒಂದು ದೀರ್ಘ ಓಟದ ನಂತರ ಯುವಿ ಟಾರ್ಚ್‌ನಲ್ಲಿ ನೋಡಿಸಿ. ಗೇರ್‌ಬಾಕ್ಸ್‌ನ ಉಸಿರುನಳಿಗೆ, ಅಂದರೆ ಬ್ರೀದರ್‌ಗೆ, ಕೆಸರು ಕಟ್ಟಿಕೊಂಡಿದ್ದರೂ ಒಳಗಿನ ಒತ್ತಡ ಎಣ್ಣೆಯನ್ನು ಒಳ್ಳೆಯ ಸೀಲಿನಿಂದಲೇ ಹೊರಗೆ ದೂಡುತ್ತದೆ. ಅದನ್ನೂ ನೋಡಿಸಿಕೊಳ್ಳಿ. ಕೆಂಪು ಎಂದ ಮಾತ್ರಕ್ಕೆ ಗೇರ್‌ಬಾಕ್ಸ್ ಎಣ್ಣೆಯೇ ಆಗಬೇಕಿಲ್ಲ, ಕೆಲವು ಕೂಲಂಟ್‌ಗಳೂ ಕೆಂಪಗಿರುತ್ತವೆ. ಒಂದು ಹನಿಯನ್ನು ನೀರಿಗೆ ಬಿಡಿ: ಎಣ್ಣೆ ತೇಲುತ್ತದೆ, ಕೂಲಂಟ್ ಬೆರೆತುಹೋಗುತ್ತದೆ.

ಮರುಪ್ರಶ್ನೆ:
ನೋಡಿಸಿದೆ ಸರ್. ಹನಿ ನೀರಿನ ಮೇಲೆ ತೇಲಿತು. ಎಕ್ಸಾಸ್ಟ್ ಪಕ್ಕದಲ್ಲಿ ಹಾದುಹೋಗುವ ಕೆಳಗಿನ ಹೋಸ್ ಗೆರಟೆಯಂತೆ ಗಟ್ಟಿಯಾಗಿದೆ, ಕ್ಲಿಪ್ ಹಾಕಿದಲ್ಲಿ ಸೀಳಿದೆ. ತಗಡು ಇಲ್ಲವೇ ಇಲ್ಲ, ತುಕ್ಕು ಹಿಡಿದ ಎರಡು ಬೋಲ್ಟ್‌ಗಳು ಮಾತ್ರ ಉಳಿದಿವೆ. ಸದ್ಯಕ್ಕೆ ಕ್ಲಿಪ್ ಬಿಗಿದು, ಬಿಸಿ ತಡೆಯುವ ಬಟ್ಟೆ ಸುತ್ತಿದರೆ ಸಾಕೇ?

ಉತ್ತರ:
ಬೇಡ. ಬೆಂದ ರಬ್ಬರ್‌ಗೆ ಕ್ಲಿಪ್ ಬಿಗಿದಷ್ಟೂ ಸೀಳು ಹೆಚ್ಚುತ್ತದೆ, ಬಟ್ಟೆ ಸುತ್ತಿದರೆ ಅದು ಎಣ್ಣೆ ಕುಡಿದ ದೀಪದ ಬತ್ತಿಯಾಗಿ ಎಕ್ಸಾಸ್ಟ್ ಪಕ್ಕದಲ್ಲೇ ಕುಳಿತಿರುತ್ತದೆ. ನೀವು ನೋಡಿದ ಹೊಗೆ ಬಿಸಿ ಪೈಪಿನ ಮೇಲೆ ಬಿದ್ದ ಎಣ್ಣೆಯದೇ; ಅದು ಹೊತ್ತಿಕೊಳ್ಳಲೂಬಹುದು. ಎರಡೂ ಹೋಸ್‌ಗಳನ್ನು ಕ್ಲಿಪ್ ಸಮೇತ ಬದಲಾಯಿಸಿ. ಅಂಗಡಿಯಲ್ಲಿ ಪೆಟ್ರೋಲ್ ಪೈಪ್ ಕೊಟ್ಟರೆ ತೆಗೆದುಕೊಳ್ಳದೆ, ಗೇರ್‌ಬಾಕ್ಸ್ ಎಣ್ಣೆಯ ಕೂಲರ್‌ಗೆಂದೇ ತಯಾರಾದ ಹೋಸ್ ಕೇಳಿ ಪಡೆಯಿರಿ. ತಗಡು ಹೊಸದು ಸಿಗದಿದ್ದರೆ ಹಳೆಯ ಕಾರಿನದ್ದಾದರೂ ಆದೀತು, ಆದರೆ ಅದು ಪೈಪಿಗೂ ಹೋಸ್‌ಗೂ ತಾಗದಂತೆ ನಡುವೆ ಗಾಳಿಯಾಡಲು ಜಾಗ ಬಿಟ್ಟು ಕೂರಿಸಬೇಕು.

ಎಂಜಿನ್ ಮಿಸ್ ಹೊಡೆಯುತ್ತಿದೆಯೇ ಎಂದೂ ಕೇಳಿ ನೋಡಿ. ಉರಿಯದ ಪೆಟ್ರೋಲ್ ಕೆಟಲಿಟಿಕ್ ಕನ್ವರ್ಟರ್‌ನೊಳಗೆ ಉರಿದರೆ ಅದು ಮಾಮೂಲಿಗಿಂತ ಬಹಳ ಹೆಚ್ಚು ಕಾಯುತ್ತದೆ, ಹೊಸ ಹೋಸ್ ಕೂಡ ಬಾಳುವುದಿಲ್ಲ. ಸುಟ್ಟ ವಾಸನೆ ಬಂದ ಎಣ್ಣೆಯನ್ನು ತೆಗೆಸಿ, ಮ್ಯಾನ್ಯುಯಲ್‌ನಲ್ಲಿ ಬರೆದ ದರ್ಜೆಯದ್ದನ್ನೇ ಹಾಕಿಸಿ. ಮಟ್ಟವನ್ನು ಅಳೆಯುವ ಕ್ರಮವೂ ಅದರಲ್ಲೇ ಇರುತ್ತದೆ. ಹೆಚ್ಚಿನ ಕಾರುಗಳಲ್ಲಿ ಸಮತಟ್ಟಾದ ನೆಲದಲ್ಲಿ ಎಂಜಿನ್ ಚಾಲೂ ಇಟ್ಟು, ಎಣ್ಣೆ ನಿಗದಿತ ಬಿಸಿಗೆ ಬಂದಾಗ ನೋಡಬೇಕಾಗುತ್ತದೆ. ಇಷ್ಟೆಲ್ಲ ಮುಗಿಯುವವರೆಗೆ ಘಾಟಿ ಹತ್ತಬೇಡಿ. ಗ್ಯಾರೇಜಿಗೆ ಒಯ್ಯುವಾಗಲೂ ಮೊದಲು ಎಣ್ಣೆಯ ಮಟ್ಟ ನೋಡಿ, ಕಡಿಮೆಯಿದ್ದರೆ ಎಳೆಸಿಕೊಂಡೇ ಹೋಗಿ, ಮುಂದಿನ ಚಕ್ರಗಳು ನೆಲದಿಂದ ಮೇಲಿರಲಿ.