ಕುದುರೆಮುಖ ಶೋಲಾ–ಹುಲ್ಲುಗಾವಲು ನಕ್ಷೆ: ನಿಖರತೆ 96%, ಆದರೆ ನೆರಳು ಬಿದ್ದ ಗುಡ್ಡವೆಲ್ಲ ಶೋಲಾ ಆಗುತ್ತಿದೆ

ಬೋಳುಗುಡ್ಡ:
ಕುದುರೆಮುಖ ರಾಷ್ಟ್ರೀಯ ಉದ್ಯಾನದ ಸಸ್ಯವರ್ಗ ನಕ್ಷೆ, 1:50,000 ಅಳತೆ. ಸೆಂಟಿನೆಲ್-2 ಉಪಗ್ರಹದ ಎಲ್2ಎ (ವಾತಾವರಣದ ಪರಿಣಾಮ ತೆಗೆದ) ಚಿತ್ರಗಳು, 2020ರ ಡಿಸೆಂಬರಿನಿಂದ ಮೂರು ಚಳಿಗಾಲದ ಡಿಸೆಂಬರ್–ಜನವರಿ ಮೀಡಿಯನ್ (ನಡುಮೌಲ್ಯ), ರ‍್ಯಾಂಡಮ್ ಫಾರೆಸ್ಟ್ (ಮಾದರಿ ಬಿಂದುಗಳಿಂದ ಕಲಿಯುವ ಯಂತ್ರವಿಧಾನ) ವರ್ಗೀಕರಣ. ವರ್ಗಗಳು: ಶೋಲಾ (ಎತ್ತರದ ಗುಡ್ಡದ ಮಡಿಕೆಗಳ ಗಿಡ್ಡ ನಿತ್ಯಹರಿದ್ವರ್ಣ ಕಾಡು), ಕೆಳಗಿನ ನಿತ್ಯಹರಿದ್ವರ್ಣ ಕಾಡು, ಹುಲ್ಲುಗಾವಲು, ಅಕೇಶಿಯಾ ನೆಡುತೋಪು, ಬಂಡೆ.
ವಾಯವ್ಯಕ್ಕೆ ಮುಖಮಾಡಿದ ಹುಲ್ಲಿನ ಇಳಿಜಾರುಗಳು ಶೋಲಾ ಎಂದು ಬರುತ್ತಿವೆ. ಅಕೇಶಿಯಾ ಮತ್ತು ಶೋಲಾ ಬೆರೆತುಹೋಗಿವೆ. ಕೆಲವು ಕಡೆ ನಿಜವಾದ ಶೋಲಾವೇ ಹುಲ್ಲಾಗಿದೆ. ಹಳೆಯ ಟೋಪೋಶೀಟ್ (ಸರ್ವೇ ಇಲಾಖೆಯ ಭೂನಕ್ಷೆ) ಮೇಲಿಟ್ಟರೆ ಹಳ್ಳಗಳೂ ಕೂಡುತ್ತಿಲ್ಲ. ಎಲ್ಲಿ ಹಿಡಿಯಲಿ?

ನಕ್ಷೆಕಟ್ಟು:
ಮೊದಲು ಚಿತ್ರದ ಫೈಲಿನ ಹೆಸರು ನೋಡಿ. ಅದರಲ್ಲಿ 'ಎನ್' ಅಕ್ಷರದ ನಂತರ ಸಂಸ್ಕರಣೆಯ ಆವೃತ್ತಿ ಹೇಳುವ ನಾಲ್ಕು ಅಂಕೆಗಳಿರುತ್ತವೆ. 0400 ಅಥವಾ ಮೇಲಿದ್ದರೆ ಪ್ರತಿ ಬ್ಯಾಂಡಿನ (ಬೆಳಕಿನ ಪದರದ) ಅಂಕಿಯಿಂದ 1000 ಕಳೆಯಬೇಕು, ಕೆಳಗಿದ್ದರೆ ಬೇಡ. 2022ರ ಜನವರಿ 25ರಿಂದ ಅಂಕಿಗಳಿಗೆ 1000 ಸೇರಿಸಿಟ್ಟು ಕೊಡುವ ಈ ಬದಲಾವಣೆ ಬಂತು. ಹಳೆಯ ಚಿತ್ರಗಳನ್ನೂ ಆಮೇಲೆ 0500ಕ್ಕೆ ಮರುಸಂಸ್ಕರಿಸಿದ್ದಾರೆ, ಹಾಗಾಗಿ ತಾರೀಕು ನಂಬಬೇಡಿ, ಅಂಕೆಯನ್ನೇ ನಂಬಿ. ಗೂಗಲ್ ಅರ್ತ್ ಎಂಜಿನ್ ಬಳಸುವವರಿಗೆ 'ಹಾರ್ಮೊನೈಸ್ಡ್' ಸಂಗ್ರಹ ತೆಗೆದುಕೊಂಡರೆ ಈ ತಲೆನೋವಿಲ್ಲ.
ಪೆಟ್ಟು ಎಷ್ಟು ದೊಡ್ಡದು ನೋಡಿ: ಶೋಲಾದ ಒಂದು ಪಿಕ್ಸೆಲ್‌ನಲ್ಲಿ ಕೆಂಪು 300, ಅವಕೆಂಪು 3000 ಇದ್ದರೆ ಹಸಿರಿನ ಸೂಚ್ಯಂಕ ಎನ್‌ಡಿವಿಐ 0.82. ಕಳೆಯದೆ ಬಿಟ್ಟರೆ 1300 ಮತ್ತು 4000, ಎನ್‌ಡಿವಿಐ 0.51ಕ್ಕೆ ಇಳಿಯುತ್ತದೆ. ನಿಮ್ಮ ಶೋಲಾ ಹುಲ್ಲಾಗುತ್ತಿರುವುದು ಬಹುಶಃ ಇದರಿಂದಲೇ.
ಟೋಪೋಶೀಟ್ ವಿಷಯ ಬೇರೆ. ಹಳೆಯ ಶೀಟುಗಳು ಅಕ್ಷಾಂಶ–ರೇಖಾಂಶ ಅಳೆಯುವ ಹಳೆಯ ಆಧಾರವಾದ ಎವರೆಸ್ಟ್ ಡೇಟಮ್‌ನಲ್ಲಿವೆ. ಅವನ್ನು ಈಗಿನ ಜಿಪಿಎಸ್ ಆಧಾರವಾದ ಡಬ್ಲ್ಯುಜಿಎಸ್84 ಅಂದುಕೊಂಡು ಕೂರಿಸಿದರೆ ನೂರು ಮೀಟರಿಗೂ ಹೆಚ್ಚು ಸರಿಯುತ್ತದೆ. ಜಿಯೋರೆಫರೆನ್ಸ್ ಮಾಡುವಾಗ ಕಲ್ಯಾಣಪುರ 1975 ಆರಿಸಿ, ಆಮೇಲೆ ಚಿತ್ರಗಳ ನಿರ್ದೇಶಾಂಕ ವ್ಯವಸ್ಥೆಯಾದ ಇಪಿಎಸ್‌ಜಿ:32643ಕ್ಕೆ ರೀಪ್ರಾಜೆಕ್ಟ್ ಮಾಡಿ. ನಕ್ಷೆ ತಂತ್ರಾಂಶ ಕ್ಯೂಜಿಐಎಸ್ ಪರಿವರ್ತನೆಯ ಪಟ್ಟಿ ಕೊಟ್ಟಾಗ ಭಾರತಕ್ಕೆ ಹೊಂದುವುದನ್ನು ಆರಿಸಿ, ಮೊದಲ ಸಾಲಿಗೆ ಓಕೆ ಒತ್ತಬೇಡಿ.

ಕಾನುಬದಿ:
ವಾಯವ್ಯ ಇಳಿಜಾರು ಎಂದಾಗಲೇ ಅರ್ಧ ಉತ್ತರ ಬಂತು. ಉಪಗ್ರಹ ನಮ್ಮ ಮೇಲೆ ಹಾಯುವುದು ಬೆಳಿಗ್ಗೆ ಹನ್ನೊಂದರ ಆಸುಪಾಸು. ಡಿಸೆಂಬರಿನಲ್ಲಿ ಆ ಹೊತ್ತಿಗೆ ಸೂರ್ಯ ಆಗ್ನೇಯದಲ್ಲಿ ತಗ್ಗಿನಲ್ಲಿರುತ್ತಾನೆ. ಕರಾವಳಿ ಕಡೆಗೆ ಬೀಳುವ ಕಡಿದಾದ ಮುಖವೆಲ್ಲ ಕಪ್ಪು. ಶೋಲಾ ಇರುವುದೂ ಗುಡ್ಡದ ಮಡಿಕೆಗಳಲ್ಲೇ, ಅಂದರೆ 'ಕಪ್ಪು ಅಂದರೆ ಶೋಲಾ' ಎಂದು ಯಂತ್ರ ಕಲಿತಿದೆ.
ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವಿನ ಚಿತ್ರ ತೆಗೆದುಕೊಳ್ಳಿ. ಸೂರ್ಯ ಮೇಲಿರುತ್ತಾನೆ, ಹುಲ್ಲು ಪೂರ್ತಿ ಒಣಗಿ ಶೋಲಾದಿಂದ ದೂರ ನಿಲ್ಲುತ್ತದೆ. ಒಂದೇ ಕಿರಿಕಿರಿ, ಆಗ ಬೆಂಕಿ ಬಿದ್ದ ಜಾಗಗಳೂ ಕಪ್ಪಗಿರುತ್ತವೆ. ಸುಟ್ಟ ಜಾಗದಲ್ಲಿ ಬಿ8 (ಹತ್ತಿರದ ಅವಕೆಂಪು) ಇಳಿದು ಬಿ12 (ಕಿರುತರಂಗ ಅವಕೆಂಪು) ಏರಿರುತ್ತದೆ, ನೆರಳಿನಲ್ಲಿ ಎರಡೂ ಇಳಿದಿರುತ್ತವೆ. 'ಸುಟ್ಟದ್ದು' ಮತ್ತು 'ನೆರಳಿನ ಹುಲ್ಲು' ಎಂದು ಬೇರೆ ತರಬೇತಿ ವರ್ಗ ಮಾಡಿ, ಕೊನೆಗೆ ಎರಡನ್ನೂ ಹುಲ್ಲುಗಾವಲಿಗೆ ಸೇರಿಸಿ.

ನಕ್ಷೆಕಟ್ಟು:
ಇಳಿಜಾರಿನ ಬೆಳಕು-ನೆರಳನ್ನು ಲೆಕ್ಕದಿಂದ ಸರಿಪಡಿಸುವ ಸಿ-ಕರೆಕ್ಷನ್ ಕೂಡ ಮಾಡಬಹುದು, ಆದರೆ ಕಾಡಿಗೊಂದು, ಹುಲ್ಲಿಗೊಂದು ರಿಗ್ರೆಶನ್ ಬೇಕು. ಇಡೀ ಚಿತ್ರಕ್ಕೆ ಒಂದೇ ಹಾಕಿದರೆ ಹುಲ್ಲಿನ ಗುಣಾಂಕವೇ ಶೋಲಾದ ಮೇಲೂ ಕೂರುತ್ತದೆ.

ಕಾನುಬದಿ:
ಅದಕ್ಕೆ ಬೇಕಾದ 30 ಮೀಟರ್ ಎತ್ತರ-ಮಾದರಿ ಡಿಇಎಮ್‌ಗೆ ಇಲ್ಲಿನ ಕಿರಿದಾದ ಕೊರಕಲುಗಳು ಕಾಣುವುದೇ ಇಲ್ಲ. ಶೋಲಾ ಇರುವುದು ಅಲ್ಲೇ. ನನ್ನ ಮಟ್ಟಿಗೆ ಚಿತ್ರದ ತಿಂಗಳು ಬದಲಿಸುವುದೇ ಮೇಲು.
ಇನ್ನು ಆ 96%. ತರಬೇತಿಗೆ ಪಾಲಿಗನ್ (ಗಡಿ ಹಾಕಿದ ತುಂಡು) ಎಳೆದು, ಅದರೊಳಗಿನ ಪಿಕ್ಸೆಲ್‌ಗಳನ್ನು 70–30 ಎಂದು ಒಡೆದಿದ್ದರೆ ಅದು ನಿಖರತೆಯೇ ಅಲ್ಲ. ಪಕ್ಕಪಕ್ಕದ ಪಿಕ್ಸೆಲ್‌ಗಳು ಒಂದೇ ಮರದ ನೆತ್ತಿ, ಉತ್ತರಪತ್ರಿಕೆ ನೋಡಿಕೊಂಡೇ ಪರೀಕ್ಷೆ ಬರೆದಂತೆ. ಉದ್ಯಾನವನ್ನು 2 ಕಿ.ಮೀ. ಚೌಕಗಳಾಗಿ ಒಡೆದು, ಇಡೀ ಚೌಕವನ್ನೇ ತರಬೇತಿಗೋ ಪರೀಕ್ಷೆಗೋ ಕೊಡಿ. ಅಂತಿಮ ಪರಿಶೀಲನೆಗೆ ವರ್ಗಕ್ಕೆ ಕನಿಷ್ಠ 50 ಬಿಂದುಗಳು, ವರ್ಗವಾರು ಯಾದೃಚ್ಛಿಕವಾಗಿ. ಅಂಕಿ ಇಳಿಯುತ್ತದೆ, ಇಳಿಯಲಿ.
ತರಬೇತಿ ಬಿಂದು ಕನಿಷ್ಠ 30×30 ಮೀಟರ್ ಏಕರೂಪದ ತೇಪೆಯ ನಡುವೆ ಇರಲಿ. ದಟ್ಟ ನೆತ್ತಿಯ ಕೆಳಗೆ ಜಿಪಿಎಸ್ 10 ಮೀಟರ್ ತಪ್ಪುವುದು ಮಾಮೂಲು, ಐದು ನಿಮಿಷ ಆವರೇಜಿಂಗ್ ಹಾಕಿ. ಅಂಚಿನ ಬಿಂದುಗಳನ್ನು ತರಬೇತಿಯಿಂದ ತೆಗೆಯಿರಿ, ಪರೀಕ್ಷೆಯಿಂದ ತೆಗೆಯಬೇಡಿ.

ಬೋಳುಗುಡ್ಡ:
1000 ಕಳೆದು ಮಾರ್ಚ್ ಚಿತ್ರ ಹಾಕಿದ ಮೇಲೆ ವಾಯವ್ಯ ಮುಖ ಬಹುಪಾಲು ಸರಿಯಾಯಿತು. ಚೌಕ ಹಾಕಿ ನೋಡಿದರೆ ನಿಖರತೆ 83%. ಅಕೇಶಿಯಾ ಮಾತ್ರ ಜಗ್ಗುತ್ತಿಲ್ಲ. ಶೋಲಾಕ್ಕೂ ಕೆಳಗಿನ ಕಾಡಿಗೂ ಗೆರೆ ಎಲ್ಲಿ ಎಳೆಯುವುದು?

ಕಾನುಬದಿ:
ಅಕೇಶಿಯಾವನ್ನು ಯಂತ್ರಕ್ಕೆ ಬಿಡಬೇಡಿ. ಅದು, ಶೋಲಾ ಎರಡೂ ವರ್ಷವಿಡೀ ಹಸಿರು, 10 ಮೀಟರ್ ಪಿಕ್ಸೆಲ್‌ನಲ್ಲಿ ನೆತ್ತಿಯ ವಿನ್ಯಾಸವೂ ಕಾಣದು. ಅರಣ್ಯ ಇಲಾಖೆಯ ನೆಡುತೋಪು ದಾಖಲೆ ಮತ್ತು ಹೆಚ್ಚು ಸ್ಪಷ್ಟತೆಯ ಚಿತ್ರ ನೋಡಿ ಕೈಯಿಂದಲೇ ಗಡಿ ಎಳೆಯಿರಿ. ನೇರ ಅಂಚು, ಸಮ ಎತ್ತರದ ನೆತ್ತಿ, ಸಾಲು ಗುರುತು ಕೊಡುತ್ತವೆ. ಹುಲ್ಲಿಗೆ ಹಬ್ಬುತ್ತಿರುವ ಸಸಿಗಳು ಉಪಗ್ರಹಕ್ಕೆ ಸಿಗುವುದಿಲ್ಲ, ಅವಕ್ಕೆ ಕ್ಷೇತ್ರದ ಬಿಂದುಗಳ ಪ್ರತ್ಯೇಕ ಪದರ.
ಗೆರೆಯನ್ನು ಎತ್ತರದ ಮೇಲೆ ಎಳೆಯಬೇಡಿ. ಚಾಂಪಿಯನ್–ಸೇಠ್ 1968ರ ಕಾಡಿನ ಬಗೆಗಳ ಪಟ್ಟಿಯ 11ಎ/ಸಿ1 (ಶೋಲಾದ ಸಂಕೇತ) ಎಂದು ಬರೆದ ಮಾತ್ರಕ್ಕೆ 1500 ಮೀಟರ್ ಗಡಿಯಾಗದು, ಇಲ್ಲಿ ಮಡಿಕೆಗಳಲ್ಲಿ ಶೋಲಾ ಅದಕ್ಕಿಂತ ಕೆಳಗೂ ಇಳಿಯುತ್ತದೆ. 20×20 ಮೀಟರ್ ಪ್ಲಾಟಿನಲ್ಲಿ 30 ಸೆಂ.ಮೀ. ಸುತ್ತಳತೆ ಮೀರಿದ ಮರಗಳನ್ನೆಲ್ಲ ಅಳೆಯಿರಿ. ಬಲಗಿ, ಧೂಪದಂಥ ಎತ್ತರದ ಮರಗಳಿದ್ದರೆ ಕೆಳಗಿನ ಕಾಡು. ಗಿಡ್ಡ, ದುಂಡು ನೆತ್ತಿ, ಕೊಂಬೆ ತುಂಬ ಹಾವಸೆ, ನೇರಳೆ–ದಾಲ್ಚಿನ್ನಿ ಕುಲದವು ಹೆಚ್ಚಿದ್ದರೆ ಶೋಲಾ. ನಡುವಿನದ್ದಕ್ಕೆ 'ಸಂಕ್ರಮಣ' ಎಂದೇ ಹೆಸರಿಡಿ.

ನಕ್ಷೆಕಟ್ಟು:
ಸಣ್ಣ ತೇಪೆಗಳನ್ನು ಸುತ್ತಲಿನ ವರ್ಗಕ್ಕೆ ಸೇರಿಸುವ ಕೊನೆಯ ಹಂತದ ಸೀವ್‌ನಲ್ಲಿ ಜಾಗ್ರತೆ. 1 ಹೆಕ್ಟೇರ್, ಅಂದರೆ 100 ಪಿಕ್ಸೆಲ್, ಎಂದು ಕೊಟ್ಟರೆ ಸಣ್ಣ ಶೋಲಾ ತೇಪೆಗಳೆಲ್ಲ ಹುಲ್ಲಿನಲ್ಲಿ ಕರಗುತ್ತವೆ. 25 ಪಿಕ್ಸೆಲ್, 8 ದಿಕ್ಕಿನ ಸಂಪರ್ಕ ಕೊಡಿ. ಮುದ್ರಣಕ್ಕೆ ತೀರಾ ಚಿಕ್ಕದಾದ ತೇಪೆಗಳನ್ನು ಅಳಿಸದೆ ಚುಕ್ಕಿಯಾಗಿ ತೋರಿಸಿ.