ಅಪ್‌ಡೇಟ್: ಎದುರುಪಕ್ಷದವರ ಹತ್ತಿರ ಇದ್ದ ಪಾಲುಪಟ್ಟಿ ಕೊನೆಗೂ ನೋಡಲು ಸಿಕ್ಕಿತು

ವಿರಾಜಪೇಟೆ ಕಡೆಯ ನಮ್ಮ ಕಾಫಿ ತೋಟದ ಪಾಲಿನ ದಾವೆಯಲ್ಲಿ ಎದುರಿನವರ ಹತ್ತಿರ ಇರುವ ದಾಖಲೆ ನೋಡುವುದು ಹೇಗೆ ಅಂತ ಇಲ್ಲಿ ಕೇಳಿದ್ದೆ. ದೊಡ್ಡಪ್ಪನ ಮಕ್ಕಳು ಕೋರ್ಟಿಗೆ ಕೊಟ್ಟ ಲಿಖಿತ ಹೇಳಿಕೆಯಲ್ಲಿ ಹಳೇ ಪಾಲುಪಟ್ಟಿಯೊಂದರ (ಆಸ್ತಿ ಯಾರಿಗೆ ಎಷ್ಟು ಅಂತ ಹಂಚಿಕೊಂಡು ಬರೆದ ಪತ್ರ) ಹೆಸರು ಹೇಳಿದ್ದರು, ಪ್ರತಿ ಮಾತ್ರ ಕೊಟ್ಟಿರಲಿಲ್ಲ.

ಕೆಲಸಕ್ಕೆ ಬಂದದ್ದು ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆರ್ಡರ್ 11, ರೂಲ್ 15ರ ನೋಟಿಸ್. ಹೇಳಿಕೊಟ್ಟವರಿಗೆ ತುಂಬಾ ಥ್ಯಾಂಕ್ಸ್. ಎದುರಿನವರು ತಮ್ಮ ಹೇಳಿಕೆಯಲ್ಲೇ ಹೆಸರಿಸಿದ ದಾಖಲೆಯನ್ನು ತೋರಿಸಿ ಅಂತ ನೇರವಾಗಿ ಕೇಳಬಹುದು. ಆದರೆ ಕೋರ್ಟ್ ಇಶ್ಯೂಸ್ (ತೀರ್ಮಾನಿಸಬೇಕಾದ ವಿವಾದದ ಅಂಶಗಳು) ಗೊತ್ತುಮಾಡುವುದರೊಳಗೆ ನೋಟಿಸ್ ಕೊಡಬೇಕು. ತೋರಿಸದಿದ್ದರೆ, ಸರಿಯಾದ ಕಾರಣ ಕೊಡದೆ ಆಮೇಲೆ ಅವರೇ ಅದನ್ನು ಸಾಕ್ಷ್ಯವಾಗಿ ಬಳಸುವ ಹಾಗಿಲ್ಲ. ಇದು ನನಗೆ ಗೊತ್ತೇ ಇರಲಿಲ್ಲ!

ನೋಟಿಸಿಗೆ ಉತ್ತರ ಬರಲಿಲ್ಲ. ಅದೇ ಆರ್ಡರಿನ ರೂಲ್ 18ರಲ್ಲಿ ಅರ್ಜಿ ಹಾಕಿದೆವು, ತೋರಿಸಿ ಅಂತ ಕೋರ್ಟ್ ಆದೇಶ ಮಾಡಿತು. ಅವರ ವಕೀಲರ ಆಫೀಸಿನಲ್ಲಿ ಪಾಲುಪಟ್ಟಿ ನೋಡಿದೆವು. ಮಡಿಕೆಯಲ್ಲೆಲ್ಲ ಹುಳ ತಿಂದಿದೆ, ಕೊನೆಯ ಹಾಳೆಯ ಷೆಡ್ಯೂಲ್ (ಆಸ್ತಿಗಳ ವಿವರ) ಮಾತ್ರ ಚೆನ್ನಾಗಿದೆ. ಅದರಲ್ಲಿ ತೋಡಿನ ಪಕ್ಕದ ಗದ್ದೆ ನಮ್ಮ ಅಪ್ಪನ ಪಾಲಿಗೇ ಬರೆದಿದೆ! ಅವರು ಇಷ್ಟು ದಿನ ತಮ್ಮದು ಅನ್ನುತ್ತಿದ್ದ ಗದ್ದೆಯೇ ಅದು.

ಇಲ್ಲಿ ಕೆಲವರು ಕೊಟ್ಟ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿಯ ಸಲಹೆ ನಡೆಯಲಿಲ್ಲ. ಖಾಸಗಿಯವರ ಮನೆಯಲ್ಲಿರುವ ಕಾಗದಕ್ಕೆ ಅದು ಬರಲ್ಲ. ಪಟ್ಟಿ ರಿಜಿಸ್ಟರ್ ಆಗಿದ್ದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲೇ ದೃಢೀಕೃತ ನಕಲು ಸಿಗುತ್ತಿತ್ತು, ಇದು ಆಗಿರಲಿಲ್ಲ. "ಇರೋ ಕಾಗದ ಎಲ್ಲಾ ಕೇಳಿ" ಅಂತ ಇಲ್ಲಿ ಅಂದಿದ್ದನ್ನು ನಮ್ಮ ವಕೀಲರು ಒಪ್ಪಲಿಲ್ಲ. ಸುಮ್ನೆ ಹುಡುಕಾಡ್ತಿದ್ದಾರೆ ಅಂತ ಅರ್ಜಿ ವಜಾ ಆಗಬಹುದು, ಯಾವ ದಾಖಲೆ ಅಂತ ಸ್ಪಷ್ಟವಾಗಿ ಬರೆಯಿರಿ ಅಂದರು.

ನೋಟಿಸ್ ಕಳಿಸಿದ್ದಕ್ಕೆ ಅಂಚೆ ರಸೀದಿ ಜೋಪಾನವಾಗಿಡಿ. ನಮ್ಮ ಅರ್ಜಿ ಜೊತೆ ಅದನ್ನೇ ಹಾಜರುಮಾಡಿದ್ದು.